ಡ್ರಮ್ಮಿನಲ್ಲಿ ನಾವೇ ಬೆರೆಸುತ್ತಿದ್ದ ಮದ್ದಿಗೆ ಪೇಟೆಂಟ್ ಸಿಗುತ್ತದಾ?

ಪೆರ್ಲದ ತೋಟ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಗೊತ್ತಿದ್ದವರು ಹೇಳಿ.

ಕಾಸರಗೋಡಿನ ಪೆರ್ಲದ ಹತ್ತಿರ ನನಗೆ ಸ್ವಲ್ಪ ಅಡಿಕೆ, ಮೇಲಿನ ಗುಡ್ಡದಲ್ಲಿ ಗೇರು. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ ಬಂದರೆ ಹೂಗೊಂಚಲು ಕಪ್ಪಾಗಿ ಒಣಗುತ್ತದೆ. ಅದೇ ಸಮಯಕ್ಕೆ ಥ್ರಿಪ್ಸ್ ಎಂಬ ಸಣ್ಣ ಕೀಟ ಕೂಡ ಬರುತ್ತದೆ. ಹಾಗಾಗಿ ನಮ್ಮ ಕಡೆ ಕೆಲವರು ಎರಡು ಮದ್ದನ್ನು ಒಂದೇ ಡ್ರಮ್ಮಿಗೆ ಹಾಕಿ ಬಿಡುವುದು ಉಂಟು. ಒಂದು ಪೈರೆಥ್ರಾಯ್ಡ್ ಜಾತಿಯದು, ತಾಗಿದ ಕೂಡಲೇ ಕೀಟ ಬೀಳುತ್ತದೆ. ಇನ್ನೊಂದು ಗಿಡದ ರಸಕ್ಕೆ ಸೇರಿ ಹೀರುವ ಕೀಟವನ್ನು ಕೊಲ್ಲುವುದು. ನಾನೂ ಏಳೆಂಟು ವರ್ಷ ಹಾಗೆ ಮಾಡಿದ್ದೇನೆ.

ಮೊನ್ನೆ ಮದ್ದಿನ ಅಂಗಡಿಗೆ ಹೋದರೆ ಅವೇ ಎರಡು ಮದ್ದು ಒಂದೇ ಬಾಟ್ಲಿಯಲ್ಲಿ! ಬೇರೆ ಬೇರೆ ತೆಗೆದುಕೊಂಡರೆ ಆಗುವುದಕ್ಕಿಂತ ರೇಟು ಜಾಸ್ತಿ. ಕೇಳಿದರೆ, "ಇದಕ್ಕೆ ಪೇಟೆಂಟ್ ಉಂಟು, ಬೇರೆ ಕಂಪೆನಿಯವರು ಮಾಡುವ ಹಾಗಿಲ್ಲ" ಎಂದರು. ಮನೆಗೆ ಬಂದು ಮಗಳ ಹತ್ತಿರ ಹುಡುಕಿಸಿದೆ. ಪೇಟೆಂಟ್ ಇನ್ನೂ ಸಿಕ್ಕಿಲ್ಲ. 2021ರಲ್ಲಿ ಹಾಕಿದ ಅರ್ಜಿ ಪ್ರಕಟ ಆಗಿದೆ, ಅಷ್ಟೇ.

ನಾವು ಇಷ್ಟು ವರ್ಷ ಕೋಲು ಹಾಕಿ ಕಲಸಿದ್ದನ್ನು ಒಬ್ಬರು ತಮ್ಮ ಆವಿಷ್ಕಾರ ಎಂದು ಬರೆಸಿಕೊಳ್ಳುವುದು ಸರಿಯಾ? ಇದು ಯಾರಿಗಾದರೂ ಹೊಳೆಯುವ ವಿಷಯ ಅಲ್ವಾ? ಕಂಪೆನಿಯ ಹೆಸರು, ಮದ್ದಿನ ಹೆಸರು ಇಲ್ಲಿ ಬೇಡ. ನನಗೆ ಜಗಳ ಬೇಡ, ನ್ಯಾಯ ಎಂತ ಎಂದು ತಿಳಿಯಬೇಕು.


ಮಂಜೇಶ್ವರ ಬೈಲು

ಸರಿಯಾಗಿ ಕೇಳಿದಿರಿ ಅಣ್ಣ. ನಮ್ಮಲ್ಲೂ ಇದೇ ಕಥೆ. ಆದರೆ ಸರಕಾರ ಮಾರಲು ಪರ್ಮಿಶನ್ ಕೊಟ್ಟ ಮೇಲೆ ಪೇಟೆಂಟ್ ಆದ ಹಾಗೇ ಅಲ್ವಾ?


ಕುಂಬಳೆಯವ, ಈಗ ಚೆನ್ನೈ

ಅಲ್ಲ. ಅವೆರಡೂ ಬೇರೆ. ಕೀಟನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಮದ್ದು ಕೆಲಸ ಮಾಡುತ್ತದಾ, ಅಪಾಯ ಎಷ್ಟು ಎಂದು ಅಲ್ಲಿ ನೋಡುತ್ತಾರೆ. ಪೇಟೆಂಟ್ ಎಂದರೆ ಇನ್ನೊಬ್ಬರನ್ನು ತಡೆಯುವ ಹಕ್ಕು. ಅರ್ಜಿ ಹಾಕಿದ ದಿನದಿಂದ 20 ವರ್ಷ. ನೋಂದಣಿ ಸಿಕ್ಕಿದ ಮಾತ್ರಕ್ಕೆ ಪೇಟೆಂಟ್ ಇಲ್ಲ, ಪೇಟೆಂಟ್ ಸಿಕ್ಕಿದ ಮಾತ್ರಕ್ಕೆ ಮಾರಲು ಬಿಡುವುದೂ ಇಲ್ಲ.

ನಾನು ಕುಂಬಳೆಯವನು, ಚೆನ್ನೈಯಲ್ಲಿ ಪೇಟೆಂಟ್ ಕೆಲಸ ಮಾಡುತ್ತೇನೆ. ಕೇರಳದ ಅರ್ಜಿಗಳೆಲ್ಲ ಇಲ್ಲಿನ ಪೇಟೆಂಟ್ ಕಚೇರಿಗೇ ಬರುತ್ತವೆ. ಪೆರ್ಲದ ಅಣ್ಣನ ಪ್ರಶ್ನೆ ನಮ್ಮ ಕಸುಬಿನಲ್ಲೇ ಅತಿ ಕಷ್ಟದ್ದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

1970ರ ಪೇಟೆಂಟ್ ಕಾಯ್ದೆಯಲ್ಲಿ ಇಲ್ಲಿ ಎರಡು ಬಾಗಿಲು ಉಂಟು. ಮೊದಲನೆಯದು ಕಲಂ 3(ಇ). ಗೊತ್ತಿರುವ ಪದಾರ್ಥಗಳನ್ನು ಸುಮ್ನೆ ಬೆರೆಸಿ, ಬೆರಕೆಯಲ್ಲಿ ಅದರದರ ಗುಣ ಮಾತ್ರ ಒಟ್ಟು ಸೇರಿದ್ದರೆ, ಅದನ್ನು ಆವಿಷ್ಕಾರ ಎಂದೇ ಲೆಕ್ಕ ಹಿಡಿಯುವುದಿಲ್ಲ. ಎರಡನೆಯದು ಕಲಂ 2(1)(ಜೆಎ). ಹೊಸತರಲ್ಲಿ ಹಿಂದಿನ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋದದ್ದು, ಇಲ್ಲವೇ ಆರ್ಥಿಕ ಮಹತ್ವ, ಇಲ್ಲವೇ ಎರಡೂ ಇರಬೇಕು. ಅದರ ಮೇಲೆ, ಆ ಕಸುಬು ಬಲ್ಲವನಿಗೆ ಅದು ತಾನಾಗಿ ಹೊಳೆಯುವಂತಿರಬಾರದು.

"ಕಸುಬು ಬಲ್ಲವನು" ಯಾರು ಎಂಬುದರಲ್ಲೇ ಎಲ್ಲ ಇದೆ. ಅದು ಅಂಗಡಿಯವರೂ ಅಲ್ಲ, ಅಣ್ಣನೂ ಅಲ್ಲ, ದೊಡ್ಡ ವಿಜ್ಞಾನಿಯೂ ಅಲ್ಲ. ಅರ್ಜಿಯ ದಿನಕ್ಕೆ ಮೊದಲು ಈ ವಿಷಯದಲ್ಲಿ ಪ್ರಕಟವಾದದ್ದೆಲ್ಲ ಅವನಿಗೆ ಗೊತ್ತು ಎಂದು ಇಟ್ಟುಕೊಳ್ಳಬೇಕು. ಕೈಯಲ್ಲಿ ಸಾಮಾನ್ಯ ಕೌಶಲ ಉಂಟು. ಆದರೆ ಅವನಿಂದ ಹೊಸ ಯೋಚನೆ ಹುಟ್ಟುವುದಿಲ್ಲ. ಅವನ ಮುಂದೆ ಹಳೆಯದನ್ನೆಲ್ಲ ಹರಡಿಟ್ಟು ಕೇಳಬೇಕು: 2021ರ ಆ ದಿನ ಇವನು ಇಲ್ಲಿಗೆ ಬಂದು ಮುಟ್ಟುತ್ತಿದ್ದನಾ? ಮುಟ್ಟಬಹುದಿತ್ತಾ ಎಂದಲ್ಲ. ಮುಟ್ಟಲು ಅವನಿಗೆ ಕಾರಣ ಇತ್ತಾ, ಕೆಲಸ ಮಾಡೀತು ಎಂಬ ಧೈರ್ಯ ಇತ್ತಾ ಎಂದು.


ಅಂಕಲೇಶ್ವರದಿಂದ, ಊರು ಮುಳ್ಳೇರಿಯ

ನಾನು ಗುಜರಾತಿನಲ್ಲಿ ಫಾರ್ಮುಲೇಷನ್ ಲ್ಯಾಬಿನಲ್ಲಿ, ಅಂದರೆ ಮದ್ದನ್ನು ಬಾಟ್ಲಿಗೆ ತಕ್ಕ ರೂಪಕ್ಕೆ ತರುವ ಕಡೆ ಇರುವವನು. ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು.

ಡ್ರಮ್ಮಿನಲ್ಲಿ ಬೆರೆಸುವುದು ಮತ್ತು ಬಾಟ್ಲಿಯಲ್ಲಿ ಬೆರೆಸಿ ಇಡುವುದು ಒಂದೇ ಅಲ್ಲ ಅಣ್ಣ. ಡ್ರಮ್ಮಿನ ನೀರು ಸಂಜೆಗೆ ಮುಗಿಯುತ್ತದೆ. ಬಾಟ್ಲಿ ಎರಡು ವರ್ಷ ಶೆಡ್ಡಿನಲ್ಲಿ ಕೂರಬೇಕು. ಏಪ್ರಿಲ್ ತಿಂಗಳ ಬಿಸಿಗೆ ತಗಡಿನ ಮಾಡಿನ ಕೆಳಗೆ ಎಷ್ಟು ಕಾಯುತ್ತದೆ ಎಂದು ನಿಮಗೇ ಗೊತ್ತು. ನಾವು 54 ಡಿಗ್ರಿಯಲ್ಲಿ 14 ದಿನ ಇಟ್ಟು ನೋಡುತ್ತೇವೆ. ಹೆಚ್ಚಿನವು ಅಲ್ಲೇ ಸೋಲುತ್ತವೆ. ಒಂದು ಮದ್ದು ನೀರಿನಲ್ಲಿ ನುಣ್ಣಗೆ ತೇಲುವ ಪುಡಿ, ಇನ್ನೊಂದು ಎಣ್ಣೆಯಲ್ಲಿ ಕರಗಿದ್ದು ಎಂದಿಟ್ಟುಕೊಳ್ಳಿ. ಆ ಎಣ್ಣೆ ಪುಡಿಯನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ರಾತ್ರಿ ತಣ್ಣಗಾದಾಗ ಅದು ಪುನಃ ಹರಳು ಕಟ್ಟುತ್ತದೆ. ಸಣ್ಣ ಹರಳು ಕರಗಿ ದೊಡ್ಡದಕ್ಕೆ ಸೇರುತ್ತದೆ. ಕೊನೆಗೆ ಅಡಿಯಲ್ಲಿ ಗಟ್ಟಿ ಕೆಸರು, ನಿಮ್ಮ ನೋಝಲ್ ಬಂದ್.

ಅದಕ್ಕೇ ಒಂದು ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಗುಳಿಗೆಯೊಳಗೆ ಮುಚ್ಚಿ, ಇನ್ನೊಂದನ್ನು ಹೊರಗೆ ತೇಲಿಸುವುದು. ಲೇಬಲ್ಲಿನಲ್ಲಿ 'ಜೆಡ್‌ಸಿ' ಎಂದು ಬರೆದಿರುತ್ತದಲ್ಲ, ಅದು ಇದೇ. ಥಯಾಮೆಥಾಕ್ಸಮ್ 12.6%, ಲ್ಯಾಂಬ್ಡಾ ಸೈಹಾಲೋಥ್ರಿನ್ 9.5% ಇರುವ ಜೆಡ್‌ಸಿ ಪೇಟೆಯಲ್ಲಿ ಮೊದಲಿಂದ ಉಂಟು. ಪೈರೆಥ್ರಾಯ್ಡ್ ಬಿಟ್ಟು ಬಂದ ದಿನ ಮುಖ ಉರಿಯುವುದು ಗೊತ್ತಲ್ವಾ? ಗುಳಿಗೆಯೊಳಗೆ ಮುಚ್ಚಿದರೆ ಆ ಉರಿಯೂ ಕಡಿಮೆ.

ಆದ ಮೇಲೆ ನೋಡಿದರೆ ಎಲ್ಲವೂ ಸುಲಭವೇ. ತಿಂಗಳುಗಟ್ಟಲೆ ಸೋತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೆಲಸಕ್ಕೆ ಬೆಲೆ ಇಲ್ಲ ಎನ್ನಬೇಡಿ.


ಪೆರ್ಲದ ತೋಟ

ನಿಮ್ಮ ಕೆಲಸವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ ತಮ್ಮ. ಈ ಹರಳಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ ಜೆಡ್‌ಸಿ ಎಂಬುದು ಮೊದಲಿಂದ ಉಂಟು ಎಂದು ನೀವೇ ಹೇಳಿದಿರಿ. ಹಾಗಾದರೆ ಹಳೆ ಎರಡು ಮದ್ದನ್ನು ಹಳೆ ಗುಳಿಗೆಯಲ್ಲಿ ಹಾಕಿದರೆ ಹೊಸತು ಎಲ್ಲಿಂದ ಬಂತು?


ನೀರ್ಚಾಲು ಮಾಷ್ಟ್ರು

ಒಳ್ಳೆಯ ಚರ್ಚೆ. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಕಾನೂನು ಓದಿದವನಲ್ಲ. ಆದರೆ ನಮ್ಮ ಬೋರ್ಡೋವನ್ನೇ, ಅಂದರೆ ಮೈಲುತುತ್ತು–ಸುಣ್ಣದ ದ್ರಾವಣವನ್ನೇ ಎದುರಿಗಿಟ್ಟು ನೋಡಿದರೆ ಇದು ತಿಳಿಯುತ್ತದೆ ಎಂದು ನನಗೆ ಕಾಣುತ್ತದೆ. ಅದು ಕೀಟದ ಮದ್ದಲ್ಲ, ಅಡಿಕೆಯ ಕೊಳೆರೋಗದ್ದು. ಇರಲಿ, ತತ್ವ ಒಂದೇ.

ಫ್ರಾನ್ಸಿನ ಮೆಡೋಕ್ ಎಂಬಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಜನ ಕದಿಯುತ್ತಿದ್ದರು. ಅದಕ್ಕೆ ಬೆಳೆಗಾರರು ಮೈಲುತುತ್ತು, ಸುಣ್ಣ ಕಲಸಿ ಎಲೆಗೆ ಚಿಮುಕಿಸುತ್ತಿದ್ದರು. ನೀಲಿ ಬಣ್ಣ ನೋಡಿ ವಿಷ ಎಂದು ಯಾರೂ ಮುಟ್ಟುತ್ತಿರಲಿಲ್ಲ. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬರಲಿಲ್ಲ ಎಂಬುದನ್ನು ಅಲ್ಲಿನ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿದ. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ. ಮೈಲುತುತ್ತು ಹಳೆಯದು. ಸುಣ್ಣ ಹಳೆಯದು. ಕಲಸಿದ್ದೂ ಮೊದಲೇ ಇತ್ತು. ಆದರೆ ಅದು ರೋಗ ತಡೆಯುತ್ತದೆ ಎಂಬುದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ. ಪದಾರ್ಥ ಹಳೆಯದಾದರೂ ಕಂಡದ್ದು ಹೊಸತು.

ಇನ್ನು ನಮ್ಮ ಊರಿಗೆ ಬನ್ನಿ. ಕೃಷಿ ವಿಜ್ಞಾನಿ ಕೋಲ್ಮನ್ 1910ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಅಡಿಕೆಯ ಕೊಳೆಗೆ ಇದೇ ದ್ರಾವಣ ಹೇಳಿದರು. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗೆ ತೊಳೆದು ಹೋಗದಿರಲಿ ಎಂದು ನಾವು ರಾಳ, ಸೋಡ ಕುದಿಸಿ ಅಂಟು ಸೇರಿಸುತ್ತೇವೆ. ಈಗ ಒಬ್ಬರು ಬಂದು ಬೋರ್ಡೋಗೆ ಇನ್ನೊಂದು ಕಂಪೆನಿಯ ಅಂಟು ಹಾಕಿ, "ಮಳೆಗೆ ನಿಲ್ಲುತ್ತದೆ, ಪೇಟೆಂಟ್ ಕೊಡಿ" ಎಂದರೆ? ಅಂಟು ಹಾಕುವುದೇ ಮಳೆಗೆ ನಿಲ್ಲಲಿ ಎಂದು. ಅದು ತನ್ನ ಕೆಲಸ ತಾನು ಮಾಡಿತು. ಯಾರಿಗೂ ಆಶ್ಚರ್ಯ ಇಲ್ಲ. ನನ್ನ ಮಟ್ಟಿಗೆ ಇದು ಹೊಳೆಯುವಂಥದ್ದೇ.

ಮೂರನೆಯದು ನೋಡಿ. ಬೋರ್ಡೋ ಜೊತೆ ಕೀಟದ ಮದ್ದು ಬೆರೆಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸುಣ್ಣದ ಕ್ಷಾರಕ್ಕೆ ಪೈರೆಥ್ರಾಯ್ಡ್, ಆರ್ಗನೋಫಾಸ್ಫೇಟ್ ಜಾತಿಯ ಕೀಟದ ಮದ್ದೆಲ್ಲ ಒಡೆದು ಹಾಳಾಗುತ್ತವೆ. ಪುಸ್ತಕದಲ್ಲೂ ಹಾಗೇ, ಅಂಗಡಿಯಲ್ಲೂ ಹಾಗೇ. ಹೀಗಿರುವಾಗ ಸುಣ್ಣದ ನೀರಿನಲ್ಲೂ ಒಡೆಯದೆ ನಿಲ್ಲುವ ಕೀಟನಾಶಕವನ್ನು ಯಾರಾದರೂ ಮಾಡಿ, ಒಂದೇ ಸಲ ಮರ ಹತ್ತಿ ಎರಡೂ ಕೆಲಸ ಮುಗಿಸುವ ಹಾಗೆ ಮಾಡಿದರೆ? ಎಲ್ಲರೂ ಬೇಡ ಎಂದ ದಾರಿಯಲ್ಲಿ ಹೋಗಿ ಗೆದ್ದವರು ಅವರು. ಅವರಿಗೆ ಪೇಟೆಂಟ್ ಕೊಡಲಿ. ನಾನು ಸಂತೋಷದಿಂದ ದುಡ್ಡು ಕೊಡುತ್ತೇನೆ. ಮರ ಹತ್ತುವವರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಅದು ಎಷ್ಟು ದೊಡ್ಡ ಉಪಕಾರ ಎಂದು ಅಡಿಕೆ ಇದ್ದವರಿಗೆ ಗೊತ್ತು.


ಕುಂಬಳೆಯವ, ಈಗ ಚೆನ್ನೈ

ಮಾಷ್ಟ್ರೇ, ಕೈ ಮುಗಿದೆ. ಮೂರನೆಯ ಉದಾಹರಣೆಯನ್ನು ನಾನು ಇನ್ನು ಆಫೀಸಿನಲ್ಲಿ ಹೇಳುತ್ತೇನೆ. ಹಿಂದಿನ ಬರಹಗಳು ಬೇಡ ಎಂದು ಕೈ ತೋರಿಸಿದ ದಿಕ್ಕಿನಲ್ಲಿ ಹೋಗಿದ್ದರೆ ಅದು ಅರ್ಜಿದಾರನ ಪರವಾಗಿ ದೊಡ್ಡ ಸಾಕ್ಷಿ.

ಅಂಕಲೇಶ್ವರದ ಗೆಳೆಯರ ಎಚ್ಚರಿಕೆಯೂ ಸರಿ. ಉತ್ತರ ನೋಡಿಕೊಂಡು ಲೆಕ್ಕ ಮಾಡುವ ತಪ್ಪು ನಮ್ಮಲ್ಲಿ ತುಂಬಾ ಆಗುತ್ತದೆ. ರೋಶ್ ಮತ್ತು ಸಿಪ್ಲಾ ಎಂಬ ಔಷಧ ಕಂಪೆನಿಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2015ರಲ್ಲಿ ಹಂತ ಹಂತವಾಗಿ ಹೇಗೆ ನೋಡಬೇಕು ಎಂದು ಹೇಳಿತು. ಕಸುಬು ಬಲ್ಲವನು ಯಾರು, ಅರ್ಜಿಯ ತಿರುಳು ಎಂತ, ಆ ದಿನಕ್ಕೆ ಅವನಿಗೆ ಗೊತ್ತಿದ್ದದ್ದು ಎಷ್ಟು, ಎರಡರ ನಡುವೆ ವ್ಯತ್ಯಾಸ ಯಾವುದು. ಕೊನೆಗೆ, ಉತ್ತರ ಗೊತ್ತಿಲ್ಲದವನಂತೆ ಕೂತು, ಆ ವ್ಯತ್ಯಾಸ ದಾಟುವುದು ಅವನಿಗೆ ಸುಲಭವಿತ್ತಾ ಎಂದು ಕೇಳಬೇಕು.

ಆದರೆ ಶ್ರಮ ಪಟ್ಟಿದ್ದಾರೆ ಎಂಬುದಷ್ಟೇ ಸಾಲದು. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಿಶ್ವನಾಥ್ ಪ್ರಸಾದ್ ಪ್ರಕರಣ ಬಂತು. ಲೇತಿನಲ್ಲಿ ಪಾತ್ರೆಯನ್ನು ಹಿಡಿದು ತಿರುಗಿಸುವ ಸಾಧನ. ಹಳೆಯ ಭಾಗಗಳನ್ನು ಜೋಡಿಸಿದಾಗ ಅದು ಕಾರ್ಖಾನೆಯ ಕೆಲಸಗಾರ ಮಾಡುವ ಸಣ್ಣ ಸುಧಾರಣೆಗಿಂತ ಹೆಚ್ಚಾಗಿರಬೇಕು ಎಂದಿತು ಕೋರ್ಟು. ಆ ಪೇಟೆಂಟ್ ಉಳಿಯಲಿಲ್ಲ.

ಅಮೆರಿಕದ್ದು ಇನ್ನೂ ನಮ್ಮ ವಿಷಯಕ್ಕೆ ಹತ್ತಿರ. 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೊಳೆಯುವಂಥದ್ದು ಯಾವುದು ಎಂಬ ಬಗ್ಗೆ ಕೊಟ್ಟ ಗ್ರಹಾಂ – ಜಾನ್ ಡೀರ್ ತೀರ್ಪಿನ ಜೊತೆಗೇ ಕುಕ್ ಕೆಮಿಕಲ್ ಎಂಬ ಕೀಟನಾಶಕ ಕಂಪೆನಿಯ ಪ್ರಕರಣವನ್ನೂ ತೀರ್ಮಾನಿಸಿತು. ಮನೆಬಳಕೆಯ ಕೀಟನಾಶಕದ ಬಾಟ್ಲಿಗೆ ಕೂರಿಸುವ ಪ್ಲಾಸ್ಟಿಕ್ ಸ್ಪ್ರೇಯರ್ ಅದು. ಸಾಗಿಸುವಾಗ ಸೋರದ ಹಾಗೆ ಮುಚ್ಚಳ ಬಿಗಿಯುವ ಉಪಾಯ. ಅದಕ್ಕಾಗಿ ಬಹಳ ಕಾಲ ಎಲ್ಲರೂ ಒದ್ದಾಡಿದ್ದರು. ಮಾರಾಟವೂ ಚೆನ್ನಾಗಿತ್ತು. ಆದರೂ ಬೇರೆ ಬಗೆಯ ಬಾಟ್ಲಿ ಮುಚ್ಚಳಗಳಲ್ಲಿ ಅದೇ ಉಪಾಯ ಮೊದಲೇ ಇತ್ತು, ಉಳಿದ ವ್ಯತ್ಯಾಸ ತೀರಾ ಸಣ್ಣದು ಎಂದು ಪೇಟೆಂಟನ್ನು ಕೋರ್ಟು ಒಪ್ಪಲಿಲ್ಲ.

ಈಗ ಅಣ್ಣನ ಬಾಟ್ಲಿ. ಅರ್ಜಿಯಲ್ಲಿ ಕೊನೆಗೆ ಕ್ಲೇಮ್‌ಗಳು ಇರುತ್ತವೆ. ಒಂದೊಂದಕ್ಕೂ ನಂಬರ್ ಉಂಟು. ಅವರು ಕೇಳುವ ಬೇಲಿ ಯಾವುದು ಎಂದು ಅಲ್ಲೇ ತಿಳಿಯುವುದು. ಬಾಟ್ಲಿಯನ್ನು ಒಟ್ಟಾಗಿ ನೋಡಬೇಡಿ. ಒಂದೊಂದು ಕ್ಲೇಮ್ ಓದಿ, ಜೊತೆಗೆ ಪರೀಕ್ಷೆಯ ಟೇಬಲ್ ಹುಡುಕಿ. ಎರಡು ಮದ್ದು ಸೇರಿ ನಿರೀಕ್ಷೆಗಿಂತ ಹೆಚ್ಚು ಕೆಲಸ ಮಾಡಿದೆಯಾ ಎಂದು ತೋರಿಸಲು ಎಲ್ಲರೂ ಕಾಲ್ಬಿಯ ಲೆಕ್ಕ ಬಳಸುತ್ತಾರೆ. ಅದು 1967ರದ್ದು, ಕಳೆನಾಶಕಕ್ಕೆಂದು ಬಂದದ್ದು.

ಲೆಕ್ಕ ಸುಲಭ. ಒಂದು ಮದ್ದು ಒಂಟಿಯಾಗಿ ನೂರರಲ್ಲಿ 40 ಕೀಟ ಕೊಲ್ಲುತ್ತದೆ ಎನ್ನಿ. ಇನ್ನೊಂದು 50. ಕೂಡಿದರೆ 90 ಅಲ್ಲ. ಮೊದಲನೆಯದು 40 ಕೊಂದ ಮೇಲೆ ಉಳಿದದ್ದು 60. ಅದರಲ್ಲಿ ಅರ್ಧ ಎರಡನೆಯದಕ್ಕೆ ಸಾಯುತ್ತದೆ, 30. ಒಟ್ಟು 70. ಬೆರಕೆ 70 ಕೊಂದರೆ ಅದು ಬರೀ ಕೂಡಿಕೆ, 3(ಇ) ಅಡ್ಡ ಬರುತ್ತದೆ. 88, 90 ಬಂದರೆ ಅಲ್ಲಿ ಏನೋ ವಿಶೇಷ ಉಂಟು. ಆಗ ನಾನೂ ಎದ್ದು ಕೂತು ಓದುತ್ತೇನೆ.


ಅಂಕಲೇಶ್ವರದಿಂದ, ಊರು ಮುಳ್ಳೇರಿಯ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ಕ್ಷೇತ್ರದವರೇ ಮಾಡುವ ತಪ್ಪು ಇದು, ಹಾಗಾಗಿ ಮುಚ್ಚಿಡುವುದು ಸರಿಯಲ್ಲ. ಒಂದೇ ಪ್ರಮಾಣದಲ್ಲಿ, ಒಂದೇ ಕೀಟದ ಮೇಲೆ, ಒಂದೇ ದಿನ 88 ಬಂದರೆ ಸಾಲದು. ಕ್ಲೇಮ್‌ನಲ್ಲಿ ಒಂದಕ್ಕೆ ಒಂದರಿಂದ ಒಂದಕ್ಕೆ ನೂರರ ತನಕ ಎಲ್ಲ ಪ್ರಮಾಣವೂ ತಮ್ಮದೇ ಎನ್ನುತ್ತಾರೆ, ಟೇಬಲ್‌ನಲ್ಲಿ ಮಾತ್ರ ಒಂದೇ ಪ್ರಮಾಣದ ಅಂಕಿ ಇರುತ್ತದೆ. ಅದನ್ನು ಖಂಡಿತ ಪ್ರಶ್ನೆ ಮಾಡಿ. ಮತ್ತೆ, ಹೋಲಿಸಿದ್ದು ಯಾವುದರ ಜೊತೆ ಎಂದು ನೋಡಿ. ಮಾರುಕಟ್ಟೆಯಲ್ಲಿರುವ ಅತಿ ಹತ್ತಿರದ ಮದ್ದಿನ ಜೊತೆ ಹೋಲಿಸಬೇಕು. ಬರೀ ನೀರು ಬಿಟ್ಟ ಗಿಡದ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.


ಎಣ್ಮಕಜೆಯ ಅಕ್ಕ

ನೀವೆಲ್ಲ ಇಷ್ಟು ಬರೆದಿದ್ದೀರಿ, ಓದಿದೆ. ನನಗೆ ಒಂದೇ ವಿಷಯ ಹೇಳಲಿಕ್ಕೆ ಇರುವುದು. ನಮ್ಮ ಗ್ರಾಮದ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟಿದ್ದಾರೆ. ದೇಶದಲ್ಲಿ ಅದಕ್ಕೆ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟಿನಿಂದ. ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಅದರ ಬಾಧೆಗೆ ಸಿಕ್ಕಿದ ಮಕ್ಕಳು ಈಗಲೂ ಮಲಗಿದಲ್ಲೇ ಇದ್ದಾರೆ. ಪೇಟೆಂಟ್ ಕೊಡುವಾಗ "ಇದು ಜನಕ್ಕೆ ಏನು ಮಾಡುತ್ತದೆ" ಎಂದು ಒಬ್ಬರಾದರೂ ಕೇಳುತ್ತಾರಾ?


ಕುಂಬಳೆಯವ, ಈಗ ಚೆನ್ನೈ

ಅಕ್ಕ, ನೀವು ಕೇಳಿದ್ದು ಸರಿ. ಕಾಯ್ದೆಯಲ್ಲಿ ಕಲಂ 3(ಬಿ) ಉಂಟು. ಮನುಷ್ಯರ, ಪ್ರಾಣಿಗಳ, ಗಿಡಗಳ ಜೀವಕ್ಕೆ ಅಥವಾ ಪರಿಸರಕ್ಕೆ ಗಂಭೀರ ಹಾನಿ ಮಾಡುವಂಥದ್ದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಅದು. ಆದರೆ ಒಂದು ಮದ್ದು ಹೊಳೆಯುವಂಥದ್ದಾ ಅಲ್ಲವಾ ಎಂದು ನೋಡುವಾಗ ಅದರ ಅಪಾಯ ಲೆಕ್ಕಕ್ಕೆ ಬರುವುದಿಲ್ಲ. ಅಪಾಯದ ಪರೀಕ್ಷೆ ನೋಂದಣಿಯ ಕಡೆ ನಡೆಯುವುದು. ಬಾಟ್ಲಿಯ ಮೇಲೆ ಪೇಟೆಂಟ್ ಎಂದು ಕಂಡರೆ ಸುರಕ್ಷಿತ ಎಂದು ಯಾರೂ ತಿಳಿಯಬಾರದು.


ಪೆರ್ಲದ ತೋಟ

ಅಕ್ಕನ ಮಾತು ಓದಿ ಸ್ವಲ್ಪ ಹೊತ್ತು ಬರೆಯಲು ಆಗಲಿಲ್ಲ. ಅದನ್ನು ಮರೆತು ಮಾತಾಡಬಾರದು. ನಾನೂ ಇನ್ನು ಮುಂದೆ ಲೇಬಲ್ಲಿನಲ್ಲಿ ಇಲ್ಲದ ಬೆರಕೆ ಮಾಡುವುದಿಲ್ಲ.

ಒಂದು ಪ್ರಶ್ನೆ ಉಳಿಯಿತು. ಬೇವಿನ ಪೇಟೆಂಟ್ ಬಿದ್ದು ಹೋಯಿತು ಎಂದು ಕೇಳಿದ್ದೆ. ನಮ್ಮ ಹಿರಿಯರು ಮಾಡುತ್ತಿದ್ದರು ಎಂಬ ಕಾರಣಕ್ಕೇ ಬಿದ್ದದ್ದಲ್ವಾ? ಹಾಗಾದರೆ ನಮ್ಮ ಡ್ರಮ್ಮಿಗೂ ಅದೇ ನ್ಯಾಯ ಸಾಕಲ್ಲ?


ಕುಂಬಳೆಯವ, ಈಗ ಚೆನ್ನೈ

ಬೇವಿನದು ಯುರೋಪಿನ ಪೇಟೆಂಟ್. ಡಬ್ಲ್ಯು.ಆರ್. ಗ್ರೇಸ್ ಕಂಪೆನಿ ಮತ್ತು ಅಮೆರಿಕದ ಕೃಷಿ ಇಲಾಖೆಯ ಹೆಸರಿನಲ್ಲಿತ್ತು. ಬೇವಿನೆಣ್ಣೆಯಿಂದ ಗಿಡದ ಶಿಲೀಂಧ್ರ ತಡೆಯುವ ವಿಧಾನ. 1994ರಲ್ಲಿ ಕೊಟ್ಟರು, 2000ದಲ್ಲಿ ರದ್ದು ಮಾಡಿದರು, 2005ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿತ್ತು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಜೊತೆಗಾರರು ಹತ್ತು ವರ್ಷ ಹಿಡಿದ ಪಟ್ಟು ಬಿಡಲಿಲ್ಲ. ಆದರೆ "ನಮ್ಮಜ್ಜ ಮಾಡುತ್ತಿದ್ದ" ಎಂಬ ಒಂದೇ ಮಾತಿನಿಂದ ಅಲ್ಲ ಗೆದ್ದದ್ದು. ಯಾರು, ಎಲ್ಲಿ, ಯಾವಾಗ, ಹೇಗೆ ಬಳಸಿದರು ಎಂಬುದಕ್ಕೆ ಸಾಕ್ಷಿ, ಬರಹ ಎಲ್ಲ ಇಟ್ಟರು.

ನಿಮಗೂ ಅದೇ ಬೇಕು. 2021ಕ್ಕೆ ಮೊದಲಿನ ತಾರೀಕು ಇರುವ, ಜನರಿಗೆ ಸಿಗುತ್ತಿದ್ದ ಕಾಗದ. ಎರಡು ಮದ್ದಿನ ಅಂಗಡಿ ಬಿಲ್ಲು ಸಾಲದು. ಒಂದೇ ದಿನ ಎರಡು ಬಾಟ್ಲಿ ಕೊಂಡದ್ದು ಮಾತ್ರ ಅದರಿಂದ ತಿಳಿಯುತ್ತದೆ, ಬೆರೆಸಿದ್ದು ತಿಳಿಯುವುದಿಲ್ಲ. ತರಬೇತಿಯಲ್ಲಿ ಕೊಟ್ಟ ಕರಪತ್ರ, ಕೃಷಿ ಪತ್ರಿಕೆಯ ಲೇಖನ, ಯಾವುದಾದರೂ ಸಂಶೋಧನಾ ಕೇಂದ್ರದ ವರದಿ ಇದ್ದರೆ ಒಳ್ಳೆಯದು.

ಅರ್ಜಿ ಪ್ರಕಟ ಆಗಿ ಪೇಟೆಂಟ್ ಸಿಗುವ ಮೊದಲು ಯಾರು ಬೇಕಾದರೂ ಕಲಂ 25(1)ರಡಿ ವಿರೋಧ ಸಲ್ಲಿಸಬಹುದು. ನಮೂನೆ 7(ಎ). 2024ರ ತಿದ್ದುಪಡಿಯ ನಂತರ ಅದಕ್ಕೆ ಶುಲ್ಕ ಉಂಟು. ಪೇಟೆಂಟ್ ಸಿಕ್ಕಿದ ಮೇಲಾದರೆ ಅದು ಪ್ರಕಟವಾದ ಒಂದು ವರ್ಷದೊಳಗೆ, ಅದರಲ್ಲಿ ಹಿತಾಸಕ್ತಿ ಇರುವವರು ಮಾತ್ರ.


ಮಂಜೇಶ್ವರ ಬೈಲು

ಖರ್ಚಿಗೆ ನಾವು ನಾಲ್ಕು ಜನ ಸೇರುತ್ತೇವೆ ಅಣ್ಣ. ನೀವು ಒಬ್ಬರೇ ಹೊರಬೇಡಿ.


ಪೆರ್ಲದ ತೋಟ · ಶುಕ್ರವಾರ

ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು! ಗೇರು ಕೃಷಿಯ ಒಂದು ತರಬೇತಿಯಲ್ಲಿ ಕೊಟ್ಟ ಅಚ್ಚಾದ ಹಾಳೆ. ಮೇಲೆ ತಾರೀಕು ಉಂಟು, 2014. ಎರಡೂ ಮದ್ದಿನ ಹೆಸರು ಉಂಟು. ಒಟ್ಟಿಗೆ ಸಿಂಪಡಿಸಬಹುದು ಎಂದು ಒಂದು ಸಾಲು, ಲೀಟರಿಗೆ ಎಷ್ಟು ಎಂದು ಪ್ರಮಾಣ. ಒಂದು ಮೂಲೆ ಗೆದ್ದಲು ತಿಂದಿದೆ, ತಾರೀಕು ಮಾತ್ರ ಉಳಿದಿದೆ.

ಮಗಳು ಕ್ಲೇಮ್‌ಗಳನ್ನು ಕನ್ನಡದಲ್ಲಿ ಓದಿ ಹೇಳಿದಳು. ಒಂದನೆಯದರಲ್ಲಿ ಎರಡು ಮದ್ದಿನ ಬೆರಕೆ ಎಂದಷ್ಟೇ ಉಂಟು, ಪ್ರಮಾಣ ಒಂದಕ್ಕೆ ಒಂದರಿಂದ ಒಂದಕ್ಕೆ ಐವತ್ತು. ನಮ್ಮ ಹಾಳೆಯಲ್ಲಿರುವುದು ಅದರೊಳಗೇ ಬೀಳುತ್ತದೆ. ಟೇಬಲ್‌ನಲ್ಲಿ ಪ್ರಮಾಣ ಎರಡೇ. ಒಂದರಲ್ಲಿ ಕಾಲ್ಬಿ ಲೆಕ್ಕ ಹಾಕಿದರೆ ನಿರೀಕ್ಷೆ 81, ಬಂದದ್ದು 83. ಆದರೆ ಆರನೆಯ ಕ್ಲೇಮ್ ಬೇರೆ. ಅದರಲ್ಲಿ ಗುಳಿಗೆಯ ಗೋಡೆಗೆ ಒಂದು ಪದಾರ್ಥ ಹೇಳಿದ್ದಾರೆ. ಅದರಿಂದ ಬಿಸಿಲಿನಲ್ಲಿ ಮದ್ದು ಜಾಸ್ತಿ ದಿನ ಉಳಿಯುತ್ತದೆ ಎಂದು ಬೇರೆಯೇ ಟೇಬಲ್ ಉಂಟು. ಹೋಲಿಸಿದ್ದು ಪೇಟೆಯ ಮದ್ದಿನ ಜೊತೆಗೇ.

ಮುಳ್ಳೇರಿಯದ ತಮ್ಮ, ಆರನೆಯದು ನಿಮ್ಮಂಥವರ ನಿಜವಾದ ಕೆಲಸ ಎಂದು ನನಗೆ ಕಾಣುತ್ತದೆ. ಅದಕ್ಕೆ ನಾನು ವಿರೋಧ ಹಾಕುವುದಿಲ್ಲ. ಒಂದನೆಯದಕ್ಕೆ ಹಾಕುತ್ತೇನೆ. ನೀವು ಆ ಟೇಬಲ್ ಒಮ್ಮೆ ನೋಡಿ ಹೇಳುತ್ತೀರಾ?


ಅಂಕಲೇಶ್ವರದಿಂದ, ಊರು ಮುಳ್ಳೇರಿಯ

ಕಳುಹಿಸಿ ಅಣ್ಣ. ಭಾನುವಾರ ಕೂತು ನೋಡುತ್ತೇನೆ. 81ಕ್ಕೆ 83 ಎಂದರೆ ಪರೀಕ್ಷೆಯ ಏರುಪೇರಿನಲ್ಲೇ ಬರುವಷ್ಟು. ಎಷ್ಟು ಸಲ ಮಾಡಿದ್ದಾರೆ ಎಂದು ಬರೆದಿದ್ದರೆ ಆ ಪುಟವೂ ಬೇಕು.


ನೀರ್ಚಾಲು ಮಾಷ್ಟ್ರು

ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಅಂಟು ಹಚ್ಚಬೇಡಿ. ಆ ತರಬೇತಿಗೆ ನಾನೂ ಬಂದಿದ್ದೆ. ನನ್ನ ಪ್ರತಿಯನ್ನೂ ಹುಡುಕುತ್ತೇನೆ.